ಬ್ಯಾರನ್ ಮಹದೇವಯ್ಯನ ತಣ್ಣನೆ ಕೋಣೆ

ಬೆಟ್ಟದಪುರದ ಸುತ್ತಿನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಬರವಿಲ್ಲ. ಅದನ್ನು ಬೇಯಿಸಬಲ್ಲವರು ಮಾತ್ರ ಬೆರಳೆಣಿಕೆ. ಬೆಳೆದವನು ಎಷ್ಟೇ ಎದೆಯುಬ್ಬಿಸಿಕೊಂಡು ತಿರುಗಲಿ, ಅವನ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುವುದೋ ಸಗಣಿಯ ಬಣ್ಣಕ್ಕೆ ಇಳಿಯುವುದೋ ಎಂಬುದು ಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಕೂತವನ ಕೈಯಲ್ಲಿದೆ. ಮಹದೇವಯ್ಯ ಅಂಥ ಬಾಗಿಲುಗಳಲ್ಲಿ ಮೂವತ್ತು ವರ್ಷ ಕೂತವನು. ಸೊಪ್ಪು ತೂಗುಹಾಕಿದ ಆ ಎತ್ತರದ ಕಟ್ಟಡದ ಗೋಡೆಗೆ ಅಂಗೈ ಒತ್ತಿ, ಒಳಗೆ ಕಾವು ಎಷ್ಟಿದೆಯೆಂದು ಹೇಳುತ್ತಿದ್ದ. ಯಜಮಾನರು ಒಳಗೆ ನೇತುಹಾಕಿದ್ದ ಥರ್ಮಾಮೀಟರು ಅವನು ಹೇಳಿದ್ದನ್ನು ಒಪ್ಪಿಕೊಳ್ಳುತ್ತಿತ್ತು, ಅಷ್ಟೆ. ಸಂದಿಯಲ್ಲಿ ಕಾವು ಸೋರುತ್ತಿದ್ದರೆ ಹಚ್ಚಿದ ಬೀಡಿ ಹಿಡಿದು ಬಾಗಿಲು, ಸೂರು, ಗೋಡೆಯ ಮೂಲೆಗಳನ್ನು ಸುತ್ತುತ್ತಿದ್ದ. ಹೊಗೆ ಎಲ್ಲಿ ವಾಲುತ್ತದೋ ಅಲ್ಲಿ ಒಂದು ಹಿಡಿ ಕೆಮ್ಮಣ್ಣು. ‘ಮಹದೇವಯ್ಯ ಮುಚ್ಚಿದ ಮೇಲೆ ಇರುವೆಗೂ ದಾರಿ ಇಲ್ಲ’ ಎಂದು ಜನ ಆಡಿಕೊಳ್ಳುತ್ತಿದ್ದರು. ಅದನ್ನು ಅವನು ಹೊಗಳಿಕೆ ಎಂದೇ ಖಾತೆಗೆ ಹಾಕಿಕೊಂಡಿದ್ದ.

ಬ್ಯಾರನ್ನಿನ ಕೆಲಸ ಆಷಾಢದಿಂದ ದಸರೆಯ ಆಚೀಚೆಯವರೆಗೆ. ಬೇಸಿಗೆಯಲ್ಲಿ ಅವನ ಕೈ ಖಾಲಿ. ಖಾಲಿ ಕೈಯವನು ಮನೆಯಲ್ಲಿದ್ದರೆ ಏನಾದರೊಂದನ್ನು ರಿಪೇರಿ ಮಾಡುತ್ತಾನೆ, ಸರಿಯಿದ್ದದ್ದನ್ನೂ ಬಿಡುವುದಿಲ್ಲ.

ಆ ವರ್ಷ ಮಾರ್ಚ್ ಕೊನೆಗೆ ಮಗಳು ಮಧುಶ್ರೀ ಚೊಚ್ಚಲ ಬಾಣಂತಿಯಾಗಿ ತವರಿಗೆ ಬಂದಳು. ಮೂರು ತಿಂಗಳು ಇಲ್ಲೇ ಇರಬೇಕೆಂದು ಮಾತಾಗಿತ್ತು. ಮನೆಗೆ ಇದ್ದದ್ದು ಒಂದೇ ಒಳಕೋಣೆ. ಆರ್‌ಸಿಸಿ ಸೂರು, ಪಡುವಣ ಗೋಡೆ. ಮಧ್ಯಾಹ್ನ ಎರಡಕ್ಕೆ ಮಹದೇವಯ್ಯ ಆ ಗೋಡೆಗೆ ಅಂಗೈ ಒತ್ತಿದ. ಸೊಪ್ಪು ಹಳದಿಯಾಗುವುದಕ್ಕೆ ಬೇಕಾದಷ್ಟು ಕಾವು ಅಲ್ಲಿತ್ತು. ಒಳಗಿದ್ದದ್ದು ಸೊಪ್ಪಲ್ಲ, ಹತ್ತು ದಿನದ ಹೆಣ್ಣುಕೂಸು. ಮೈತುಂಬ ಬೆವರುಗುಳ್ಳೆ.

ಕೆ.ಆರ್. ನಗರದ ಅಕ್ಕಿ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಅಳಿಯ ಕಿರಣ್‌ಕುಮಾರ್ ಭಾನುವಾರ ಬಂದ. ಕೂಸಿನ ಬೆನ್ನು ನೋಡಿಕೊಂಡು ಹೋದ. ಬುಧವಾರ ಹುಣಸೂರಿನ ಅಂಗಡಿಯಿಂದ ಒಂದು ಟನ್ನಿನ ಎಸಿ ಬಂತು. ಬೇರೆಯವರ ದುಡ್ಡಿಗೆ ಅಂಗಡಿಯವರು ಮೂರು ಸ್ಟಾರು ಸಾಕೆನ್ನುವುದುಂಟೇ? ಐದು ಸ್ಟಾರಿನದೇ ಬಂದಿತ್ತು.

“ಕರೆಂಟ್ ಬಿಲ್ಲೂ ನಾನೇ ಕಟ್ತೀನಿ ಮಾವ, ಯೋಚ್ನೆ ಮಾಡ್ಬೇಡಿ,” ಎಂದ ಕಿರಣ್ ಫೋನಿನಲ್ಲಿ.

“ಆ ಮಾತಾಡ್ಬೇಡಿ ಕಿರಣಪ್ಪ. ಬಾಣಂತನ ತವರಿಂದು. ಮಿಷಿನ್ನು ಕೊಡ್ಸಿದ್ರಿ, ಮಗೀಗೆ ಅಂತ ಇಟ್ಕತೀವಿ. ಬಿಲ್ಲು ನಂದು.”

“ಆಯ್ತು ಮಾವ. ಆದ್ರೆ ಸೆಕೆ ತಡೀಲಾರ್ದೆ ಹೋದ್ರೆ ಇಬ್ರನ್ನೂ ಇಲ್ಲಿಗೇ ಕರ್ಕೊಂಡ್ ಬಂದ್ಬಿಡ್ತೀನಿ. ನಮ್ಮಮ್ಮಾನೂ ಅದೇ ಅಂತಿದಾರೆ.”

ಮಹದೇವಯ್ಯನಿಗೆ ಆ ಕೊನೆಯ ಮಾತು ಮುಳ್ಳಾಗಿ ಕೂತಿತು. ಮಗಳು ಮೂರು ತಿಂಗಳು ತುಂಬುವ ಮೊದಲೇ ಗಂಡನ ಮನೆಗೆ ಹೋದರೆ ಊರು ಸೆಕೆಯ ಲೆಕ್ಕ ಕೇಳುವುದಿಲ್ಲ. ತವರಿನವರ ಕೈಲಾಗಲಿಲ್ಲ ಎನ್ನುತ್ತದೆ. ಎಸಿ ಓಡಬೇಕು, ಬಿಲ್ಲು ಏರಬಾರದು. ಮಗಳನ್ನು ಇಟ್ಟುಕೊಳ್ಳಲು ಅವನಿಗಿದ್ದದ್ದು ಅದೊಂದೇ ದಾರಿ.

ಎಸಿ ಕೂರಿಸಲು ಬಂದ ಮಹೇಂದ್ರನನ್ನು ಅವನು ಪಕ್ಕಕ್ಕೆ ಕರೆದುಕೊಂಡ. “ಲೇ ಮಹೇಂದ್ರ, ತಿಂಗ್ಳಿಗೆ ಇನ್ನೂರು ಯೂನಿಟ್ ದಾಟಿದ್ರೆ ಸರ್ಕಾರದ ಪುಕ್ಸಟ್ಟೆ ಕರೆಂಟು ಪೂರ್ತಿ ಓಯ್ತದಂತಲ್ಲ?”

“ಊ ಕಣಣ್ಣ. ಒಂದೇ ಒಂದು ಯೂನಿಟ್ ಎಚ್ಚಾದ್ರೂ ಅಷ್ಟುಕ್ಕೂ ಬಿಲ್ಲು.”

“ಮನೆಗೆ ಅರವತ್ತು ಓಯ್ತದೆ. ಉಳಿದಿದ್ದು ನೂರನಲವತ್ತು. ದಿನಕ್ಕೆ ನಾಕೂವರೆ. ಅಷ್ಟ್ರಲ್ಲಿ ಇದನ್ನ ಓಡ್ಸಕ್ಕೆ ಯಂಗೆ?”

“ಇಪ್ಪತ್ತಾರಲ್ಲಿ ಇಡು, ಜೊತೆಗೆ ಫ್ಯಾನ್ ಸಣ್ಣಕೆ ಬುಡು. ಅದಿನೆಂಟಕ್ಕೆ ಇಟ್ರೆ ಬೇಗ ತಣ್ಣಗಾಯ್ತದೆ ಅಂತ ಒತ್ತಬ್ಯಾಡ, ಮೀಟ್ರು ಓಡ್ತದೆ ಅಷ್ಟೆ. ಒಳಗಡೆ ಧೂಳು ಇಡಿಯೋ ಬಲೆ ತಗ್ದು ವಾರಕ್ಕೊಂದ್ಸಲ ತೊಳಿ. ಆಚೆ ಡಬ್ಬಕ್ಕೆ ಬಿಸ್ಲು ಬೀಳ್ದಂಗೆ ನೋಡ್ಕೊ. ಸಂದಿಗಿಂದಿ ಇದ್ರೆ ಮುಚ್ಚು.”

“ಸಂದಿ ಮುಚ್ಚೋದು ನಂಗೆ ಯೋಳ್ತೀಯಾ?” ಎಂದು ಮಹದೇವಯ್ಯ ನಕ್ಕ. ಆ ಬೇಸಿಗೆಯಲ್ಲಿ ಅವನು ಮನಸಾರೆ ನಕ್ಕದ್ದು ಬಹುಶಃ ಅದೇ.

ಆಚೆ ಡಬ್ಬದಲ್ಲಿ ದೊಡ್ಡ ಫ್ಯಾನು ಗಿರ್ರೆಂದು ತಿರುಗುವುದನ್ನು ಅವನು ನಿಂತು ನೋಡಿದ. ಹೊರಗಿನ ಗಾಳಿಯನ್ನು ಎಳೆದು, ತಣ್ಣಗೆ ಮಾಡಿ, ಕೊಳವೆಯಲ್ಲಿ ಒಳಗೆ ಬಿಡುತ್ತದೆ ಎಂದು ತಾನೇ ತೀರ್ಮಾನಿಸಿದ. ಮಹೇಂದ್ರನನ್ನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

ಮರುದಿನದಿಂದ ಕೆಲಸ ಶುರು. ಸೂರಿನ ಮೇಲೆ ಎರಡು ಬಾರಿ ಸುಣ್ಣ ಬಳಿದ. ಅದರ ಮೇಲೆ ಗಳ ನಿಲ್ಲಿಸಿ ತೆಂಗಿನ ಗರಿ ಹೊದಿಸಿದ. ಪಡುವಣ ಗೋಡೆಗೆ ಗೋಣಿತಾಟು ಇಳಿಬಿಟ್ಟು ಹೊತ್ತುಹೊತ್ತಿಗೆ ನೀರು ಎರಚಿದ. ಆಚೆ ಡಬ್ಬಕ್ಕೆ ಒಂದು ಮೊಳ ದೂರದಲ್ಲಿ ತಗಡಿನ ನೆರಳು ಕಟ್ಟಿದ. ಆಮೇಲೆ ಊದುಬತ್ತಿ ಹಚ್ಚಿಕೊಂಡು ಒಳಗೆ ಬಂದು, ಬ್ಯಾರನ್ನಿನಲ್ಲಿ ಬೀಡಿ ಹಿಡಿದು ಸುತ್ತುವಂತೆ ಕೋಣೆಯನ್ನು ಸುತ್ತಿದ. ಕಿಟಕಿಯ ಚೌಕಟ್ಟು, ವೈರು ತೂರಿದ ತೂತು, ಹೊಸ್ತಿಲು. ಮಂಚದ ಮೇಲಿಂದ ಮಧುಶ್ರೀ ಮುಸಿಮುಸಿ ನಗುತ್ತಿದ್ದಳು.

“ಅಪ್ಪ, ಕೊನೀಗೆ ನನ್ನೂ ಸೊಪ್ಪಿನಂಗೆ ಕೋಲಿಗೆ ಕಟ್ಟಿ ನೇತಾಕ್ಬುಡು.”

“ಸುಮ್ಕಿರವ್ವ. ನಿಂಬೆ ಬಣ್ಣಕ್ಕೆ ಬರೋಗಂಟ ಬುಡಲ್ಲ ನಿನ್ನ.”

ಎಸಿ ಹನ್ನೊಂದರಿಂದ ನಾಲ್ಕರವರೆಗೆ ಎಂದು ನಿಯಮವಾಯಿತು. ಜಗಲಿಯ ಮೀಟರಿನ ಮುಂದೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಹದೇವಯ್ಯ ದೇವರ ಮುಂದೆ ನಿಲ್ಲುವಂತೆ ನಿಂತ. ಮೊದಲ ವಾರ, ಮನೆಯ ಎರಡನ್ನು ಕಳೆದರೆ, ಎಸಿಗೆ ದಿನಕ್ಕೆ ನಾಲ್ಕು ಯೂನಿಟ್. ಕೂಸಿನ ಬೆನ್ನು ಮಾಯತೊಡಗಿತು. ಡೇರಿಗೆ ಹಾಲು ಹಾಕಲು ಹೋದಾಗಲೆಲ್ಲ ಅವನು ಎಸಿಯ ವಿಚಾರ ಹೇಳಿದ, ಕೇಳದವರಿಗೂ ಹೇಳಿದ.

ಅವನ ಹೆಂಡತಿ ಚಿಕ್ಕಬಸಮ್ಮನಿಗೆ ಮಾತ್ರ ಈ ವೈಭವ ರುಚಿಸಲಿಲ್ಲ. ಅವಳವ್ವ ಅವಳಿಗೆ ಬಾಣಂತನ ಮಾಡಿದ್ದು ತಲೆಗೆ ಬಿಗಿದ ಬಟ್ಟೆ, ಹಂಡೆ ಬಿಸಿನೀರು, ಮಂಚದಡಿ ಕೆಂಡ ಇಟ್ಟು. ಬಾಣಂತಿಯ ಕೋಣೆಯಲ್ಲಿ ಚಳಿ ಬೀಸುವುದನ್ನು ಅವಳು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ.

“ಅಸೀ ಮೈ ಕಣ್ರೀ. ನಾಳೆ ಸೊಂಟ ಇಡ್ಕಂಡ್ರೆ, ಸನ್ನಿ ಆದ್ರೆ, ನಿಮ್ ಮೀಟ್ರು ಬಂದು ತಲೆ ಒತ್ತಿಕೊಡ್ತದಾ?”

“ಕೆಂಡ ಇಟ್ಟು ಎಸಿ ಆಕದು, ಬ್ಯಾರನ್ಗೆ ಬೆಂಕಿನೂ ಆಕಿ ನೀರೂ ಉಯ್ದಂಗೆ. ಕ್ವಾಣೆ ಒಳಕ್ಕೆ ಕೆಂಡ ಬರಕೂಡ್ದು, ಅಷ್ಟೆ!”

“ಬುಡಿ, ನಿಮ್ಗೆ ಸೊಪ್ಪು ಬೇಯ್ಸಿ ಗೊತ್ತು. ಬ್ಯಾನೆ ತಿಂದು ಎತ್ತಿ ಗೊತ್ತಾ?”

ಮಹದೇವಯ್ಯ ಮಾತು ಮುಗಿಯಿತೆಂದುಕೊಂಡ. ಚಿಕ್ಕಬಸಮ್ಮ ಮಾತು ನಿಲ್ಲಿಸಿದಳು, ಕೆಲಸ ನಿಲ್ಲಿಸಲಿಲ್ಲ. ಅವನು ಸೂರು ಹತ್ತಿದ ಹೊತ್ತು ನೋಡಿ, ಕಬ್ಬಿಣದ ಬಾಂಡ್ಲಿಯಲ್ಲಿ ನಿಗಿನಿಗಿ ಕೆಂಡ ತುಂಬಿ ಮಂಚದಡಿ ತಳ್ಳುತ್ತಿದ್ದಳು. ಅವನು ಇಳಿಯುವಷ್ಟರಲ್ಲಿ ಹಿತ್ತಿಲಿಗೆ ಒಯ್ಯುತ್ತಿದ್ದಳು. ಮಧುಶ್ರೀಗೆ ಇದು ಗೊತ್ತಿತ್ತು. ಅವ್ವನಿಗೆ ಕೆಂಡದ ಸಮಾಧಾನ, ಅಪ್ಪನಿಗೆ ಎಸಿಯ ಸಮಾಧಾನ. ನಡುವೆ ಮಲಗಿದವಳು ಇಬ್ಬರನ್ನೂ ನೋಯಿಸಲಾರದೆ ಬಾಯಿ ಮುಚ್ಚಿಕೊಂಡಿದ್ದಳು.

ಮೀಟರು ಬಾಯಿ ಮುಚ್ಚಲಿಲ್ಲ. ಐದು ಯೂನಿಟ್ ಆಯಿತು, ಆಮೇಲೆ ಐದೂವರೆ, ಒಂದು ದಿನ ಆರು. ಮಹದೇವಯ್ಯನಿಗೆ ತಲೆ ಕೆಟ್ಟುಹೋಯಿತು. ಬಲೆ ತೊಳೆದ. ಗೋಣಿಗೆ ಇನ್ನಷ್ಟು ನೀರು ಎರಚಿದ. ಮಹೇಂದ್ರನಿಗೆ ಫೋನು ಮಾಡಿದರೆ, “ಎಲ್ಲೋ ಸೋರ್ತಾ ಅದೆ ಕಣಣ್ಣ, ನೋಡು,” ಎಂದ. ಮಂಚದಡಿ ನಡೆಯುತ್ತಿದ್ದದ್ದು ಇಬ್ಬರಿಗೂ ತಿಳಿಯದು. ಸೋರುತ್ತಿದೆ ಎಂದರೆ ಮಹದೇವಯ್ಯನ ಮಾನ ಸೋರಿದಂತೆ. ಮತ್ತೆ ಊದುಬತ್ತಿ ಹಿಡಿದು ಹೊರಟ. ಸೂರಿನ ಕೆಳಗೆ ಎರಡು ಗಾಳಿಕಿಂಡಿ ಇದ್ದವು. ಗುಬ್ಬಿ ಬಾರದಂತೆ ಜಾಲರಿ ಹೊಡೆದಿದ್ದವನು ಅವನೇ. ಹೊಗೆ ಅತ್ತ ವಾಲಿತು. ಕಳ್ಳ ಸಿಕ್ಕಿದ. ಇಟ್ಟಿಗೆ ಚೂರು ತುರುಕಿ, ಕೆಮ್ಮಣ್ಣು ಮೆತ್ತಿ, ಅಂಗೈಯಲ್ಲಿ ನುಣ್ಣಗೆ ಸವರಿದ. ಬಾಗಿಲ ಅಂಚಿಗೆ ಸೈಕಲ್ ಟ್ಯೂಬು ಸೀಳಿ ಹೊಡೆದ. ಬಾಗಿಲು ಮುಚ್ಚಿದರೆ ‘ಬುಸ್’ ಎನ್ನುತ್ತಿತ್ತು. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಅವನು ಯಾವ ಬ್ಯಾರನ್ನನ್ನೂ ಮುಚ್ಚಿರಲಿಲ್ಲ.

ಮರುದಿನ ಬೆಳಿಗ್ಗೆ ಎರೆದುಕೊಂಡ ಮಗಳನ್ನು ಮಲಗಿಸಿ, ಕೂಸನ್ನು ಮಗ್ಗುಲಿಗೆ ಹಾಕಿ, ಚಿಕ್ಕಬಸಮ್ಮ ಎಂದಿನಂತೆ ಬಾಂಡ್ಲಿ ತಳ್ಳಿ ಬಾಗಿಲೆಳೆದುಕೊಂಡು ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ರಾಶಿ ಬಟ್ಟೆಯಿತ್ತು, ಬಾಂಡ್ಲಿ ತೆಗೆಯುವ ಹೊತ್ತು ಮೀರಿತು. ಹನ್ನೊಂದಕ್ಕೆ ಮಧುಶ್ರೀ ಒಳಗೆ ಎಸಿ ಹಾಕಿಕೊಂಡಳು. ಮಹದೇವಯ್ಯ ಸೂರಿನ ಮೇಲೆ ಗರಿ ಸರಿಮಾಡುತ್ತಿದ್ದ.

ಅವನು ಇಳಿದು ಬಂದಾಗ ಹನ್ನೆರಡಾಗುತ್ತಿತ್ತು. ದಿನಾ ಆ ಹೊತ್ತಿಗೆ ಹಸಿದು ಕಿರುಚುತ್ತಿದ್ದ ಕೂಸು ಆವತ್ತು ಕಿರುಚಲಿಲ್ಲ. ಬಾಗಿಲ ಮೇಲೆ ಕೈಯಿಟ್ಟ. ಹಲಗೆ ತಣ್ಣಗಿತ್ತು. ಒಳಗೆ ಸದ್ದಿಲ್ಲ. ತಂಪಿಗೆ ತಾಯಿ ಮಗು ಹಾಯಾಗಿ ಮಲಗಿದ್ದಾರೆ ಎಂದು ಅವನಿಗೆ ಹೆಮ್ಮೆಯಾಯಿತು. ಒಂದಿಷ್ಟು ತೆರೆದು ನೋಡೋಣ ಎನಿಸಿತು. ತೆರೆದರೆ ತಣ್ಣಗಿದ್ದದ್ದು ಹೊರಗೆ ಹೋಗುತ್ತದೆ. ಕೈ ತೆಗೆದ. ಜಗಲಿಗೆ ಬಂದು, ಎಲೆಯಡಿಕೆ ಹಾಕಿಕೊಂಡು, ಮೀಟರು ನೋಡುತ್ತ ಕೂತ.

ಆ ಹತ್ತು ನಿಮಿಷ. ಮಹದೇವಯ್ಯ ಆಮೇಲೆ ಯಾರ ಮುಂದೆಯೂ ಆಡದೆ ಹೋದ ಸಂಗತಿ ಅದೊಂದೇ.

ಬಾಗಿಲು ತೆರೆದವಳು ಚಿಕ್ಕಬಸಮ್ಮ. ಮೊದಲು ಬಾಗಿಲು ಸರಿಯಲಿಲ್ಲ, ಏನೋ ಅಡ್ಡವಾಗಿತ್ತು. ತಳ್ಳಿದರೆ ಮಧುಶ್ರೀಯ ಭುಜ. ಮಂಚದಿಂದಿಳಿದು ಬಾಗಿಲವರೆಗೆ ತೆವಳಿ ಬಂದಿದ್ದಳು, ವಾಂತಿಯಾಗಿತ್ತು, ಕಣ್ಣು ಅರೆತೆರೆದಿತ್ತು, ನೋಟವಿರಲಿಲ್ಲ. ಹಾಸಿಗೆಯಲ್ಲಿ ಕೂಸು ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಮಂಚದಡಿ ಕೆಂಡ, ಬೂದಿ ಮುಚ್ಚಿಕೊಂಡು ಇನ್ನೂ ಕೆಂಪಾಗಿತ್ತು. ಗೋಡೆಯ ಮೇಲೆ ಎಸಿ ಇಪ್ಪತ್ತಾರು ತೋರಿಸುತ್ತ ತನ್ನ ಪಾಡಿಗೆ ಓಡುತ್ತಿತ್ತು.

ಎಳೆದು ಜಗಲಿಗೆ ತಂದದ್ದು, ಆಟೋ ಬಂದದ್ದು, ಪಿರಿಯಾಪಟ್ಟಣದ ದಾರಿ, ಯಾವುದೂ ಮಹದೇವಯ್ಯನಿಗೆ ಸರಿಯಾಗಿ ನೆನಪಿಲ್ಲ. ಕೂಸಿನ ಮುಖಕ್ಕೆ ಗಾಳಿ ತಾಗಲೆಂದು ಆಟೋದ ಹೊರಗೆ ಬಾಗಿ ಹಿಡಿದುಕೊಂಡಿದ್ದ. ಅರ್ಧ ದಾರಿಯಲ್ಲಿ ಅದು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ಸಂಜೆಯ ಹೊತ್ತಿಗೆ ಮಧುಶ್ರೀ ತಲೆ ಸಿಡಿಯುತ್ತದೆ ಎಂದಳು. ಕೂಸು ಗಂಟಲು ಹರಿಯುವಂತೆ ಅತ್ತಿತು. ಡಾಕ್ಟರಮ್ಮ ವಯಸ್ಸಿನಲ್ಲಿ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು.

“ಮುಚ್ಚಿದ ರೂಮಲ್ಲಿ ಕೆಂಡ ಇಟ್ಟಿದ್ರಾ? ಗಾಳಿಗೆ ದಾರಿ ಇತ್ತಾ?”

“ಎಸಿ ಇತ್ತಲ್ಲ ತಾಯಿ. ಅದು ಆಚೆಯಿಂದ ಗಾಳಿ ಎಳೀತದಲ್ಲ.”

“ಇಲ್ಲ. ಅದು ಒಳಗಿರೋ ಗಾಳೀನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡೋದು. ಆಚೆ ಇರೋದು ಬಿಸಿ ಬಿಡೋಕೆ ಅಷ್ಟೆ. ಕೆಂಡದ ವಿಷಗಾಳಿಗೆ ವಾಸನೇನೂ ಇರಲ್ಲ. ಇನ್ನೊಂದು ಸ್ವಲ್ಪ ತಡವಾಗಿದ್ರೆ…”

ಮಹದೇವಯ್ಯ ಕಾರಿಡಾರಿನ ಬೆಂಚಿನಲ್ಲಿ ಕೂತ. ಬ್ಯಾರನ್ನಿನಲ್ಲಿ ಒಲೆಯ ಬಾಯಿ ಹೊರಗಿರುತ್ತದೆ. ಹೊಗೆ ಕೊಳವೆಯಲ್ಲೇ ಸಾಗಿ ಹೊರಟುಹೋಗುತ್ತದೆ. ಸೊಪ್ಪಿಗೆ ತಾಗುವುದು ಕಾವು ಮಾತ್ರ. ಕೊಳವೆಗೆ ಒಂದು ತೂತು ಬಿದ್ದರೆ ಸೊಪ್ಪೆಲ್ಲ ಹಾಳು. ಇದನ್ನು ಊರಿಗೆಲ್ಲ ಹೇಳಿಕೊಟ್ಟವನು ಅವನು. ಪಕ್ಕದಲ್ಲಿ ಚಿಕ್ಕಬಸಮ್ಮ ಕೂತಳು.

“ಕೆಂಡ ಇಟ್ಟವ್ಳು ನಾನು,” ಎಂದಳು.

“ಮುಚ್ಚಿದವ್ನು ನಾನು.”

ಇಬ್ಬರಿಗೂ ಬಯ್ಯುವುದಕ್ಕೆ ಬೇರೆ ಯಾರೂ ಸಿಕ್ಕಲಿಲ್ಲ.

ಕಿರಣ್ ಬಂದದ್ದು ಮಿಲ್ಲಿನ ಯಜಮಾನರ ಕಾರಿನಲ್ಲಿ. ಕೂಗಾಡುತ್ತಾನೆ, ನಾಲ್ಕು ಜನರೆದುರು ಮಾನ ಹರಾಜು ಹಾಕುತ್ತಾನೆ ಎಂದು ಮಹದೇವಯ್ಯ ಕಾದಿದ್ದ. ಹಾಗಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಹುಡುಗ ಬೆಂಚಿನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು, “ಊಟ ಮಾಡಿದ್ರಾ ಮಾವ?” ಎಂದ.

ಮೂರನೆಯ ದಿನ ಮನೆಗೆ ಕಳಿಸುತ್ತೇವೆ ಎಂದರು. ಯಾವ ಮನೆಗೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕಾರು ಗೇಟಿನಲ್ಲೇ ನಿಂತಿತ್ತು. ಚಿಕ್ಕಬಸಮ್ಮ ಮಗಳ ಬಟ್ಟೆಗಂಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಮಧುಶ್ರೀ ಮಂಚದಲ್ಲಿ ಕೂತು ಅಪ್ಪನ ಮುಖವನ್ನೇ ನೋಡಿದಳು. ‘ಇರಲಿ, ಇನ್ನೊಂದು ತಿಂಗಳು ಇರಲಿ’ ಎಂದು ಅವನು ಅಂದಿದ್ದರೆ ಅವಳು ಇರುತ್ತಿದ್ದಳೇನೋ. ಅವನು ಬಟ್ಟೆಗಂಟು ಎತ್ತಿಕೊಂಡ.

“ಕರ್ಕೊಂಡ್ ಹೋಗ್ಲಾ ಮಾವ?” ಎಂದು ಕಿರಣ್ ಕೇಳಿದ. ಕೇಳಬೇಕಾಗಿರಲಿಲ್ಲ, ಆದರೂ ಕೇಳಿದ.

ಮಹದೇವಯ್ಯ ತಲೆಯಾಡಿಸಿದ. ಮಗಳು ಕೂಸನ್ನೆತ್ತಿಕೊಂಡು ಕಾರು ಹತ್ತಿದ ಮೇಲೆ, ಬಾಗಿಲು ಹಿಡಿದು ನಿಂತು ಕೇಳಿದ. “ಕಿರಣಪ್ಪ, ನಿಮ್ಮನೆ ಕ್ವಾಣೇಲಿ ಗಾಳಿಕಿಂಡಿ ಅದಾವಾ?”

“ಎರಡಿದಾವೆ ಮಾವ. ತೆರೆದೇ ಇರ್ತವೆ.”

“ಜಾಲರಿ ಧೂಳು ಕಟ್ಕಂಡಿರ್ತದೆ. ನೋಡಿ ಒಂದ್ಸಲ.”

“ನೀನೇ ಬಂದು ನೋಡಪ್ಪ,” ಎಂದಳು ಮಧುಶ್ರೀ ಒಳಗಿನಿಂದ.

“ಬತ್ತೀನಿ ಬುಡವ್ವ,” ಎಂದ ಮಹದೇವಯ್ಯ. ಕಾರಿನ ಗಾಜು ಒಂದಿಷ್ಟು ಇಳಿಸಿ, ಬಾಗಿಲು ಮುಚ್ಚಿದ.