ಎರಡು ಮಂಚ, ನಡುವೆ ಒಂದು ಮೇಜು

೨೦೧೪ರ ಡಿಸೆಂಬರ್, ಶುಕ್ರವಾರ, ಬೆಳಗ್ಗೆ ಹತ್ತು ಗಂಟೆ, ಬರ್ ದುಬೈಯ ಮಗಳ ಫ್ಲಾಟು. ಹಾಜರಿದ್ದವರು: ಮಗಳು ಶೈಲಾ, ಅಳಿಯ ಗಣೇಶ, ಮೊಮ್ಮಗಳು, ಸೋಫಾದಲ್ಲಿ ಕಾಲು ಚಾಚಿದ ನಮ್ಮವರು. ನಾನೂ ಇದ್ದೆ, ಆದರೆ ಕೂತಿರಲಿಲ್ಲ. ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಬೆಳಗಿನ ಹೊತ್ತು ಸುಮ್ಮನೆ ಕೂತರೆ ಏನೋ ಕದ್ದ ಹಾಗೆ ಅನಿಸುತ್ತದೆ.

ನಮ್ಮವರಿಗೆ ಹೃದಯದ ಆಪರೇಷನ್ ಆದಮೇಲೆ ಡಾಕ್ಟರು, "ನಗುನಗುತ್ತಾ ಇರಿ" ಎಂದಿದ್ದರು. ಗಣೇಶ ಅದನ್ನು ಮಾತ್ರೆ ಚೀಟಿಯಂತೆ ಪಾಲಿಸಿ, ಹಳೇ ಅಮೆರಿಕದ ಕಪ್ಪು-ಬಿಳುಪು ಟಿ.ವಿ. ಹಾಸ್ಯಗಳನ್ನು ಹುಡುಕಿ ಹಾಕುತ್ತಾರೆ. ಅಂದಿನದರಲ್ಲಿ ಹೆಂಡತಿ ಕೇಕಿನ ಹಿಟ್ಟನ್ನು ಗಂಡನ ಟೋಪಿಯೊಳಗೆ ಬಚ್ಚಿಟ್ಟಿದ್ದಳು. ಅವನು ಅದನ್ನು ಹಾಕಿಕೊಳ್ಳುತ್ತಾನೆ, ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಕಥೆ ಅಷ್ಟೇ. ಆದರೆ ಆ ನಟಿ! ಬಾಯಲ್ಲಿ ಒಂದು ಮಾತಿಲ್ಲ, ಎಲ್ಲ ಕೆಲಸ ಹುಬ್ಬಿನದೇ. ಆಗ ಇಂಥವನ್ನು ಎಷ್ಟೋ ಸಲ ಜನರ ಎದುರಿಗೇ ಆಡುತ್ತಿದ್ದರಂತೆ, ನಮ್ಮ ನಾಟಕದ ಹಾಗೆ. ಆ ಜನರ ನಗು ಇಳಿಯುವವರೆಗೆ ಕಾದು, ಆಮೇಲೆಯೇ ಬಾಯಿ ತೆರೆಯುತ್ತಾಳೆ. ನನಗೆ ಅಷ್ಟು ಕಾಯುವ ತಾಳ್ಮೆ ಎಂದೂ ಬರಲಿಲ್ಲ.

ಕೊನೆಗೆ ಅವರ ಮಲಗುವ ಕೋಣೆ ಬಂತು. ಗಂಡನಿಗೊಂದು ಮಂಚ, ಹೆಂಡತಿಗೊಂದು, ನಡುವೆ ಮೇಜು, ದೀಪ. ಗಂಡ-ಹೆಂಡತಿಯನ್ನು ಒಂದೇ ಮಂಚದಲ್ಲಿ ತೋರಿಸಲು ಆಗ ಅಲ್ಲಿನ ಟಿ.ವಿ.ಯವರು ಹಿಂಜರಿಯುತ್ತಿದ್ದರು ಎಂದರು ಗಣೇಶ. ಲಂಗುಲಗಾಮಿಲ್ಲದ ದೇಶ ಎಂದುಕೊಂಡಿದ್ದೆ. ನೋಡಿದರೆ ನನ್ನ ಹಾಸ್ಟೆಲೇ.

"ಅಜ್ಜಿ, ಆರ್ ದೇ ಫೈಟಿಂಗ್?" ಎಂದಳು ಮೊಮ್ಮಗಳು.

"ಇಲ್ಲ ಪುಟ್ಟಿ, ಅವರ ವಾರ್ಡನ್ ಭಾರೀ ಸ್ಟ್ರಿಕ್ಟು," ಎಂದರು ನಮ್ಮವರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಲ್ಲಿ ನಮಗೆ ಬಿಟ್ಟುಕೊಟ್ಟ ಕೋಣೆಯೂ ಹಾಗೆಯೇ: ಎರಡು ಮಂಚ, ನಡುವೆ ಮೇಜು. ಊರಿನಲ್ಲಿ, ಆಪರೇಷನ್ ಆದಂದಿನಿಂದ, ಇವರ ಎದೆಯ ಮೇಲೆ ಕೈ ಇಟ್ಟೇ ನಾನು ಮಲಗುವುದು. ಕೈ ಏರಿ ಇಳಿದರೆ ನಿದ್ದೆ. ಇಲ್ಲಿ ಕೈ ಎಟುಕುವುದಿಲ್ಲ. ಏಳುತ್ತೇನೆ, ಹತ್ತಿರ ನಿಂತು ನೋಡುತ್ತೇನೆ, ಮಲಗುತ್ತೇನೆ, ಮತ್ತೆ ಏಳುತ್ತೇನೆ. ಮಂಚ ಸೇರಿಸು ಎಂದು ಈ ವಯಸ್ಸಿನಲ್ಲಿ ಮಗಳಿಗೆ ಹೇಗೆ ಹೇಳುವುದು?

ಇನ್ನೊಂದು ವಿಚಿತ್ರ. ಇಲ್ಲಿಗೆ ಬಂದಮೇಲೆ ಇವರ ಗೊರಕೆ ತಾಳ ಹಾಕಿದಂತೆ ಬರುತ್ತಿದೆ. ಮಲಗಿದಂತೆ ನಟಿಸುವ ಹುಡುಗಿಯರನ್ನು ಕಂಡವಳಿಗೆ ಗೊತ್ತು, ನಿಜವಾದ ಗೊರಕೆಗೆ ತಾಳ ಇರುವುದಿಲ್ಲ. ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ: "ರಾತ್ರಿ ಸುಳ್ಳು ಗೊರಕೆ ಯಾಕೆ?"

"ಎಂತ ಮಾಡುದು ಮಾರಾಯ್ತಿ, ನೀನು ಎದ್ದು ಎದ್ದು ಬರ್ತೀ. ಮಲಗಿದಲ್ಲಿಗೇ ಕೇಳಲಿ ಅಂತ."

"ಮತ್ತೆ ನಿಮ್ಮ ನಿದ್ದೆ?"

"ಅದು ಸೋಫಾದಲ್ಲಿ ಆಗ್ತದೆ."

ಹೃದಯದ ರೋಗಿ, ನನ್ನನ್ನು ಮಲಗಿಸಲು ರಾತ್ರಿಯಿಡೀ ಎಚ್ಚರ! ನಾಚಿಕೆ ಅಲ್ಲಿಗೆ ಖಲಾಸ್.

"ಶೈಲಾ, ಆ ಮಂಚಗಳನ್ನು ಈಗಲೇ ಸೇರಿಸಬೇಕು," ಎಂದೆ, ಹಳೇ ಹಾಸ್ಟೆಲ್ ಧ್ವನಿಯಲ್ಲಿ.

"ಅಯ್ಯೋ ಅಮ್ಮ! ಸೇರಿಯೇ ಇದ್ದವು. ನಿಮಗೆ ಶಿಸ್ತು ಬೇಕಲ್ಲಾ ಅಂತ ನಾನೇ ದೂರ ಇಟ್ಟದ್ದು."

ಗಣೇಶ ಬಂದು ಮೇಜು ಎತ್ತಿದರು, ಮಂಚ ತಳ್ಳಿದರು. ನಡುವಿನ ಸಂದಿಗೆ ಟವೆಲ್ ತುರುಕಿ, ದೊಡ್ಡ ಹಾಸು ಹರಡಿದೆ. ಮೂರು ಮೂಲೆ ಸಿಕ್ಕಿಸುವಷ್ಟರಲ್ಲಿ ಇವರು ಬಂದು ಅಡ್ಡಾಗಿಯೇಬಿಟ್ಟರು. ಸ್ವಲ್ಪ ಹೊತ್ತಿಗೆ ಗೊರಕೆ, ತಾಳ ತಪ್ಪಿದ್ದು. ನಾಲ್ಕನೆಯ ಮೂಲೆಯನ್ನು ಸದ್ದಾಗದಂತೆ ಸಿಕ್ಕಿಸಿ, ಆ ದಿನದ ಕೆಲಸ ಮುಗಿಸಿದೆ.