ಸುಶೀಲಮ್ಮನ ಒಪ್ಪೊತ್ತು

ಸುಶೀಲಮ್ಮನನ್ನು ನಾನು ಮೊದಲು ಕಂಡದ್ದು ಅವರ ಬಾವಿಕಟ್ಟೆಯಲ್ಲಿ, ಓಣಂ ರಜೆ ಮುಗಿದ ವಾರ. ಕೇಣಿಚಿರದಲ್ಲಿ ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ನಡೆದು ಬಂದಿದ್ದೆ. ಹೆಗಲ ಚೀಲದಲ್ಲಿದ್ದ ಖಾಲಿ ಗಾಜಿನ ಬಾಟಲಿಗಳನ್ನು ಒಂದಕ್ಕೊಂದು ತಾಗದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದೆ. ಹೊಲಕ್ಕೆ ಹಾಕುವ ಕೀಟನಾಶಕ ನೀರಿನ ಜೀವಿಗಳಿಗೆ ಏನು ಮಾಡುತ್ತದೆ ಎಂದು ನೋಡುವ ಸಂಶೋಧನೆಯೊಂದರಲ್ಲಿ ನನಗೆ ಸಹಾಯಕಿಯ ಕೆಲಸ. ತೋಡಿನ, ಎಂದರೆ ಗದ್ದೆಗಳ ನಡುವೆ ಹರಿಯುವ ಹಳ್ಳದ, ಪಕ್ಕದ ಬಾವಿಗಳಿಂದ ನೀರು ಒಯ್ಯಬೇಕಿತ್ತು.

ಅವರು ಕಟ್ಟೆಯ ಮೇಲೆ ಕುಳಿತು ನೀರು ಸೋಸುತ್ತಿದ್ದರು. ಹಿತ್ತಾಳೆ ಕೊಡದ ಬಾಯಿಗೆ ಎರಡು ಮಡಿಕೆಯ ದಪ್ಪ ಬಿಳಿ ಬಟ್ಟೆ. ಸೇದಿದ ನೀರನ್ನು ಅದರ ಮೇಲೆ ಸಣ್ಣ ಧಾರೆಯಾಗಿ ಸುರಿದರು. ಆಮೇಲೆ ಬಟ್ಟೆಯನ್ನು ಹಿಂಡಲಿಲ್ಲ. ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಎರೆದು, ಸಿಕ್ಕಿಕೊಂಡದ್ದನ್ನೆಲ್ಲ ಚಿಕ್ಕ ತಂಬಿಗೆಯೊಂದಕ್ಕೆ ಇಳಿಸಿದರು. ತಂಬಿಗೆಯ ಬಾಯಿಗೊಂದು ಹಗ್ಗ, ತಳಕ್ಕೊಂದು ಹಗ್ಗ. ಅದನ್ನು ಮೆಲ್ಲನೆ ಬಾವಿಗಿಳಿಸಿ, ನೀರು ಮುಟ್ಟಿದ ಮೇಲೆ ತಳದ ಹಗ್ಗ ಜಗ್ಗಿ ಮಗುಚಿದರು. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾಗುತ್ತದಂತೆ. ಜೈನರ ಮನೆಯಲ್ಲಿ ನೀರು ಸೋಸಿ ಕುಡಿಯುತ್ತಾರೆಂದು ಕೇಳಿದ್ದೆ. ಸೋಸಿದಾಗ ಸಿಕ್ಕ ಜೀವಗಳನ್ನು ಅದೇ ನೀರಿಗೆ ಮರಳಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಬಾಟಲಿ ತೋರಿಸಿ ನೀರು ಕೇಳಿದೆ. ಯಾರ ಮಗಳು, ಯಾವ ಊರು ಎಂದು ವಿಚಾರಿಸಿದರು. ಹೆಸರು ವಿದ್ಯ, ಊರು ಕಾಟ್ಟಿಕುಳಂ, ಮನೆಮಾತು ಕನ್ನಡ ಎಂದಾಗ ಅವರ ಮುಖ ಸಡಿಲವಾಯಿತು. ಆದರೂ ನೀರು ಕೊಡಲಿಲ್ಲ.

"ಬೇರೆ ಬಾವಿ ನೋಡ್ಕೋ ಮಗಳೇ. ಇದಕ್ಕೆ ನನ್ನ ಪಾಪ ತಟ್ಟಿದೆ."

ಕೇಳಿ ಕೇಳಿ ವಿಷಯ ತಿಳಿದುಕೊಂಡೆ. ಬಟ್ಟೆಯಿಂದ ತಂಬಿಗೆಗೆ ಇಳಿಸಿದಾಗ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ನೀರಲ್ಲಿ ಕುಪ್ಪಳಿಸುವುದನ್ನು ಅವರು ಮದುವೆಯಾಗಿ ಬಂದಂದಿನಿಂದ ನೋಡಿದ್ದರು. ಸಂಶೋಧನೆಯಲ್ಲಿ ನಾವು ಅವನ್ನು ನೀರುಚಿಗಟ ಅನ್ನುತ್ತೇವೆ. ಮಳೆ ಹಿಡಿದಾಗಿನಿಂದ ಆ ಚುಕ್ಕೆಗಳು ಕುಪ್ಪಳಿಸುತ್ತಿರಲಿಲ್ಲ, ತಳಕ್ಕೆ ಇಳಿಯುತ್ತಿದ್ದವು. ತನ್ನ ಕೈ ಒರಟಾಯಿತು, ಬಟ್ಟೆ ಒಣಗಲು ಬಿಡುತ್ತಿದ್ದೇನೆ, ದಿನಾ ಬೆಳಿಗ್ಗೆ ಜೀವಹತ್ಯೆ ಮಾಡುತ್ತಿದ್ದೇನೆ ಎಂದುಕೊಂಡ ಸುಶೀಲಮ್ಮ ಪ್ರಾಯಶ್ಚಿತ್ತಕ್ಕೆ ಒಪ್ಪೊತ್ತು ಹಿಡಿದಿದ್ದರು. ದಿನಕ್ಕೊಂದೇ ಊಟ, ಅದರಲ್ಲಿ ಹಾಲಿಲ್ಲ, ತುಪ್ಪವಿಲ್ಲ. ಮೂರು ತಿಂಗಳಾಗಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ನಾನು ತಲೆಯೆತ್ತಿ ನೋಡಿದೆ. ಬಾವಿಯ ಮೇಲ್ಗಡೆ, ತೋಡಿನ ದಂಡೆಯುದ್ದಕ್ಕೂ ಶುಂಠಿಯ ಏರಿಗಳು. ಅದೂ ಅವರದೇ ಗದ್ದೆ, ಸುಶೀಲಮ್ಮನಿಗೆ ತವರಿನಿಂದ ಬಂದದ್ದು. ಹಿಂದಿನ ವರ್ಷದ ಕೊನೆಗೆ ಗಂಡ ವಿಮಲನಾಥರು ಹೇಳಿದರೆಂದು ಒಪ್ಪಿ, ಗೋಪಾಲನ್ ಎಂಬುವರಿಗೆ ಪಾಟಕ್ಕೆ, ಎಂದರೆ ವರ್ಷದ ಗುತ್ತಿಗೆಗೆ, ಕೊಟ್ಟಿದ್ದರು. ನೆಲದೊಳಗಿಂದ ಕೀಳುವಾಗ ಜೀವಗಳು ಸಾಯುತ್ತವೆಂದು ಆ ಮನೆಯ ಅಡುಗೆಗೆ ಹಸಿ ಶುಂಠಿ ಬರುವುದಿಲ್ಲ. ಗದ್ದೆಗೆ ಬರಬಹುದು.

ನನ್ನ ಅಪ್ಪ ಶುಂಠಿಗೆ ಮದ್ದು ಹೊಡೆಯುವ ಕೂಲಿಗೆ ಹೋಗುತ್ತಿದ್ದರು. ಬಂದ ಸಂಜೆ ಅನ್ನ ನೋಡಿದರೆ ಓಕರಿಕೆ. ಕೆಲಸ ಕೊಟ್ಟವರು ಅದನ್ನು ಬಿಸಿಲಿನ ತಾಪ ಎಂದರು, ಅಮ್ಮ ನಂಬಿ ಮಜ್ಜಿಗೆ ಮಾಡಿಕೊಟ್ಟಳು. ಹಾಗಾಗಿ ಬಾವಿಯ ನೀರಿಗೆ ಏನಾಗಿದೆಯೆಂದು ಊಹಿಸಲು ನನಗೆ ಪ್ರಯೋಗಾಲಯ ಬೇಕಿರಲಿಲ್ಲ. ಆದರೆ ಊಹೆಯನ್ನು ಯಾರೂ ಕೇಳುವುದಿಲ್ಲ. ಕಾಡಿಬೇಡಿ ಒಂದು ಬಾಟಲಿ ತುಂಬಿಸಿಕೊಂಡು ಹೋದೆ.

ನಮ್ಮ ಯೋಜನೆಯ ಮುಖ್ಯಸ್ಥೆ ಸರಿತ ಟೀಚರ್ ನೀರನ್ನು ಯಂತ್ರಕ್ಕೆ ಕೊಟ್ಟರು. ಶುಂಠಿಯ ಬುಡಕ್ಕೆ ಹಾಕುವ ಹರಳು ಮದ್ದು ಅದರಲ್ಲಿ ಇತ್ತು. ಆದರೆ ಮನುಷ್ಯರು ಕುಡಿಯುವ ನೀರಿಗೆ ಗೊತ್ತುಮಾಡಿದ ಮಿತಿಯೊಳಗೆ ಇತ್ತು. ಆ ಮಿತಿಗಿಂತ ಎಷ್ಟೋ ಕಡಿಮೆಯಲ್ಲಿ ನೀರುಚಿಗಟ ಸಾಯುತ್ತದೆ, ಅದನ್ನು ತಿನ್ನುವ ಮೀನುಮರಿ ಹಸಿಯುತ್ತದೆ, ತೋಡು ಬರಿದಾಗುತ್ತದೆ. ಟೀಚರ್ ಇದನ್ನೂ ಬರೆದು ಕಳಿಸಿದರು. ಸಂಬಂಧಪಟ್ಟ ಕಚೇರಿಯವರು ಮೊದಲ ಸಾಲನ್ನಷ್ಟೇ ಓದಿ, ನೀರು ಕುಡಿಯಲು ಯೋಗ್ಯ ಎಂದು ವಿಮಲನಾಥರಿಗೆ ತಿಳಿಸಿದರು. ಮಿತಿ ಗೊತ್ತುಮಾಡಿದವರ ಕಣ್ಣಿಗೆ ತೋಡಿನಲ್ಲಿ ಮನುಷ್ಯರ ಹೊರತು ಯಾರೂ ಇರಲಿಲ್ಲ.

ನಾನು ಮತ್ತೆ ಹೋದೆ. ಶುದ್ಧ ಕೊಳದ ನೀರುಚಿಗಟಗಳನ್ನು ಈ ಬಾವಿಯ ನೀರಿಗೆ ಬಿಟ್ಟು ತೋರಿಸುತ್ತೇನೆ, ಬಟ್ಟೆಯ ತಪ್ಪಲ್ಲವೆಂದು ನೀವೇ ನೋಡಿ ಎಂದೆ. ಪ್ರಯೋಗಾಲಯದಲ್ಲಿ ನಾವು ಮಾಡುವುದೇ ಅದು. ಸುಶೀಲಮ್ಮ ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು.

"ಸಾಯ್ತವೆ ಅಂತ ಗೊತ್ತಿದ್ದೂ ಬಿಡ್ತೀಯ?"

"ಹಾಗೆ ನೋಡಿದ್ರೇನೇ ತಿಳಿಯೋದು ಅಮ್ಮಾ."

"ಹಂಗಾದ್ರೆ ನೀನೂ ಒಪ್ಪೊತ್ತು ಉಣ್ಣು, ನನಗೊಬ್ಬಳು ಜೊತೆ ಆಗ್ತಾಳೆ."

ನಗಿಸಿದರು, ಆದರೆ ಬಾಟಲಿ ತೆರೆಯಲು ಬಿಡಲಿಲ್ಲ. ಕೊಲ್ಲದೆ ನೋಡುವ ದಾರಿ ಹುಡುಕು ಎಂದರು. ಯೋಚಿಸಿದಾಗ ಸುಲಭದ ದಾರಿಯೇ ಇತ್ತು. ಶುಂಠಿಗದ್ದೆಗಿಂತ ಮೇಲೆ, ಕಾಡಿನ ಅಂಚಿನಲ್ಲಿ ತೋಡು ಹುಟ್ಟುವ ಊಟೆಗೆ ಅದೇ ಬಟ್ಟೆ ಹಿಡಿದು ಹೋದೆವು. ಅವರದೇ ಕೈ, ಅವರದೇ ತಂಬಿಗೆ. ಸೋಸಿ ಇಳಿಸಿದಾಗ ಚುಕ್ಕೆಗಳು ಕುಪ್ಪಳಿಸಿದವು. ಅವನ್ನು ಊಟೆಗೆ ಬಿಟ್ಟು ಇಳಿದು ಬಂದು, ಗದ್ದೆಯ ಕೆಳಗೆ ತೋಡಿನಲ್ಲಿ ಸೋಸಿದೆವು. ತಂಬಿಗೆಯ ತಳದಲ್ಲಿ ಚುಕ್ಕೆಗಳು ಬಿದ್ದಿದ್ದವು. ಅಲುಗಾಡಿಸಿದರೆ ನೀರಿನೊಡನೆ ತಿರುಗಿ ಮತ್ತೆ ಬಿದ್ದವು.

ಸುಶೀಲಮ್ಮ ಬದುವಿನ ಮೇಲೆ ಕುಳಿತುಬಿಟ್ಟರು. ಅಳುತ್ತಾರೆಂದುಕೊಂಡೆ. ಅವರು ಕೇಳಿದ್ದು ಒಂದೇ: ಆ ಮದ್ದು ನೋಡಲು ಹೇಗಿರುತ್ತದೆ. ಕಪ್ಪು ಮರಳಿನ ಹರಳಿನಂತೆ, ಕೊಳೆತ ಬೆಳ್ಳುಳ್ಳಿಯ ವಾಸನೆ ಎಂದೆ. ಎದ್ದು ನೇರ ತಮ್ಮ ಹಟ್ಟಿಗೆ ನಡೆದರು. ದನವಿಲ್ಲದ ಹಟ್ಟಿಯನ್ನು ಸಾಮಾನಿಡಲು ಗೋಪಾಲನ್‌ಗೆ ಬಿಟ್ಟಿದ್ದರು. ಬೀಗ ಹಾಕಿದ ಬಾಗಿಲ ಸಂದಿಯಿಂದ ಇಣುಕಿದಾಗ ಅದೇ ವಾಸನೆ ಹೊಡೆಯಿತು, ಹೆಸರಿಲ್ಲದ ಚೀಲವೊಂದು ಬಾಯಿ ಕಟ್ಟಿ ಅಲ್ಲಿತ್ತು. ಇಲ್ಲಿ ಮಾರಲು ನಿಷೇಧವಿರುವುದರಿಂದ ಗಡಿಯಾಚೆಯಿಂದ ಹೀಗೆ ಹೆಸರು ಕಿತ್ತ ಚೀಲಗಳಲ್ಲೇ ಅದು ಬರುತ್ತದೆ. ಹಟ್ಟಿಯ ಬೀಗದ ಕೈ ಇದ್ದದ್ದು ವಿಮಲನಾಥರ ಸೊಂಟದಲ್ಲಿ.

ಆ ದಿನ ಜಗಲಿಯಲ್ಲಿ ಗೋಪಾಲನ್ ಬಂದು ಕುಳಿತಿದ್ದರು, ಮುಂದಿನ ವರ್ಷದ ಪಾಟದ ಮಾತಿಗೆ. ವಿಮಲನಾಥರು ಕುಡಿಯಲು ಮಜ್ಜಿಗೆ ತರಿಸಿದ್ದರು. ಸುಶೀಲಮ್ಮ ಒದ್ದೆ ಬಟ್ಟೆಯೊಡನೆ ಬಂದು ನಿಂತು, ಗದ್ದೆ ಕೊಡುವುದಿಲ್ಲ ಎಂದರು. ಕಾರಣವನ್ನೂ ಹೇಳಿದರು.

ಗೋಪಾಲನ್ ನಕ್ಕರು. "ಹುಳಕ್ಕೆ ಹಾಕೋ ಮದ್ದಿಗೆ ಹುಳ ಸಾಯದೆ ಮತ್ತೇನು ಚೇಚಿ?"

"ಆ ಹುಳ ನಿನ್ನ ಶುಂಠಿ ತಿಂದಿತ್ತಾ?"

ನೀರು ಒಳ್ಳೆಯದೆಂದು ಕಚೇರಿಯವರೇ ಹೇಳಿದ್ದಾರಲ್ಲ, ಯಾರಿಗೂ ಏನೂ ಆಗಿಲ್ಲವಲ್ಲ ಎಂದು ವಿಮಲನಾಥರು ಸಮಾಧಾನದ ಧ್ವನಿಯಲ್ಲಿ ಶುರುಮಾಡಿದರು. ಸುಶೀಲಮ್ಮ ಮುಗಿಸಲು ಬಿಡಲಿಲ್ಲ.

"ನಾನು ಬಟ್ಟೆ ಹಿಡಿದಿದ್ದು ನಮ್ಮ ಹೊಟ್ಟೆಗಾ? ಹೊಸ ಬಟ್ಟೆ ತಂದುಕೊಟ್ರಲ್ಲ ನೀವು, ಹಳೇದು ಒರಟಾಗಿರಬೇಕು ಅಂತ. ಚೀಲ ನಿಮ್ಮ ಹಟ್ಟೀಲಿತ್ತು. ಆಗಲೂ ಗೊತ್ತಿತ್ತು ತಾನೆ?"

ವಿಮಲನಾಥರು ನನ್ನ ಕಡೆ ನೋಡಿದರು, ಗೋಪಾಲನ್ ಕಡೆ ನೋಡಿದರು. ಕೊನೆಗೆ, ಹೇಳಿದರೆ ನೀನು ಗದ್ದೆ ಬಿಡಿಸುತ್ತಿದ್ದೆ ಎಂದರು. ಅಷ್ಟೇ. ಇರುವೆ ಸಾಲು ದಾಟುವಾಗ ಹೆಜ್ಜೆ ಎತ್ತಿಡುವ ಮನುಷ್ಯ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರು ಹಾಕದ ಮನುಷ್ಯ. ಹೆಂಡತಿ ಕಣ್ಣೆದುರೇ ಒಣಗುತ್ತಿದ್ದಾಗ, ಅವಳ ತಪ್ಪೇ ಇರಬೇಕೆಂಬಂತೆ ಅಂಗಡಿಯಿಂದ ಬಟ್ಟೆ ತಂದುಕೊಟ್ಟಿದ್ದರು.

ಸುಶೀಲಮ್ಮ ಒಳಗೆ ಹೋಗಿ ಆ ಹೊಸ ಬಟ್ಟೆಯನ್ನು ತಂದು ಗಂಡನ ತೊಡೆಯ ಮೇಲಿಟ್ಟರು.

"ಇವತ್ತಿಂದ ಒಪ್ಪೊತ್ತು ನಿಮ್ಮದು. ನನ್ನದು ಮುಗೀತು."

ಆ ಮಧ್ಯಾಹ್ನ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಅನ್ನಕ್ಕೆ ತುಪ್ಪ ಹಾಕಿಕೊಂಡು ಉಂಡರು. ಸಂಜೆ ಹೊತ್ತು ಮುಳುಗುವ ಮುಂಚೆ ಮತ್ತೆ ಉಂಡರಂತೆ. ವಿಮಲನಾಥರಿಗೆ ಬಡಿಸಲಿಲ್ಲವಂತೆ, ಅವರೂ ಕೇಳಲಿಲ್ಲವಂತೆ.

ಶುಂಠಿ ಕಿತ್ತ ಮೇಲೆ ಗೋಪಾಲನ್ ಗದ್ದೆ ಬಿಟ್ಟರು, ತೋಡಿನಗುಂಟ ಕೆಳಗೆ ಇನ್ನೊಬ್ಬರ ಗದ್ದೆ ಹಿಡಿದರು. ಮದ್ದೂ ಅವರೊಡನೆ ಅಲ್ಲಿಗೆ ಹೋಯಿತು. ಅದನ್ನು ತಡೆಯಬೇಕಾದವರು ಈಗಲೂ ಮಿತಿಯ ಮಾತಾಡುತ್ತಾರೆ.

ಸುಶೀಲಮ್ಮ ಈಗ ಮೇಲಿನ ಗದ್ದೆಯಲ್ಲಿ ಗಂಧಕಸಾಲೆ ಭತ್ತ ಬೆಳೆಯುತ್ತಾರೆ. ವಾರಕ್ಕೊಮ್ಮೆ ತೋಡಿನ ಉದ್ದಕ್ಕೂ ಇರುವ ಮನೆಗಳ ಬಾವಿಗೆ ಹೋಗಿ ನೀರು ಸೋಸಿ, ಜೀವ ಅಲುಗದಿದ್ದರೆ ಆ ಮನೆಯವರನ್ನು ಕರೆದು ತಂಬಿಗೆ ತೋರಿಸುತ್ತಾರೆ.