ನಗುನಗುತ್ತಾ ಸತ್ತನಂತೆ

ನನ್ನ ಎರಡನೆಯ ಬಾಣಂತನಕ್ಕೆಂದು ಚಿಕ್ಕಜ್ಜಿ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಿದ್ದಳು. ನನ್ನ ಅಜ್ಜಿಯ ತಂಗಿ; ಎಂಬತ್ತು ದಾಟಿದ್ದರೂ ಗಟ್ಟಿ ಜೀವ. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಇಕ್ಕಟ್ಟಿನ ಫ್ಲ್ಯಾಟಿನಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಾ ತನ್ನ ಅಣ್ಣನ ವಿಷಯ ಹೇಳುತ್ತಿದ್ದಳು. ಬ್ರಿಟಿಷರ ಕಾಲದಲ್ಲಿ ವಾಯುಪಡೆ ಸೇರಿದ್ದ ಹುಡುಗ. ಬಾಂಬು ಹಾಕುವ ವಿಮಾನದ ಹಿಂಬದಿಯಲ್ಲಿ ಬಂದೂಕು ಹಿಡಿದು ಕೂರುವ ಕೆಲಸ. ಎರಡನೇ ಮಹಾಯುದ್ಧ ಬರ್ಮಾಕ್ಕೆ ಬಂದ ಹೊಸತರಲ್ಲೇ ಸತ್ತ. ಇಪ್ಪತ್ತು ತುಂಬಿರಲಿಲ್ಲ.

ನನ್ನ ಗಂಡ ಇದನ್ನು ನಮ್ಮೂರಿನವರ ಸಂಘದ ಕಾರ್ಯದರ್ಶಿಯ ಕಿವಿಗೆ ಹಾಕಿದರು. ಇಲ್ಲಿನ ಸರ್ಕಾರ ಹುತಾತ್ಮರ ದಿನಕ್ಕೆ ರಜೆ ಕೊಡಲು ಶುರುಮಾಡಿದ್ದ ಕಾಲ. ಸಂಘಕ್ಕೂ ಹುರುಪು ಬಂತು. ಊದ್ ಮೇಥಾದ ಹಾಲ್‌ನಲ್ಲಿ ಸಭೆ, ಚಿಕ್ಕಜ್ಜಿಗೆ ಸನ್ಮಾನ.

“ಅವನ ಹೆಸರು ಒಮ್ಮೆ ನಾಲ್ಕು ಜನರ ಎದುರು ಕೇಳಿದ ಹಾಗೆ ಆಯ್ತು,” ಎಂದು ಅವಳು ಒಳ್ಳೆಯ ಸೀರೆ ಉಟ್ಟು ಹೊರಟಳು.

ವೇದಿಕೆಯ ಹಿಂದೆ ಗೋಡೆಯಗಲದ ಬ್ಯಾನರ್. ನಾವು ಕೊಟ್ಟಿದ್ದ ಅವನ ಫೋಟೋದಿಂದ ಮುಖವನ್ನು ಕತ್ತರಿಸಿ, ಪದಕ ತುಂಬಿದ ಯಾರದೋ ಮೈಗೆ ಅಂಟಿಸಿದ್ದರು. ಹಿಂದೆ ಈಗಿನ ಕಾಲದ ಜೆಟ್‌ಗಳು. ಚಿಕ್ಕಜ್ಜಿ ಕನ್ನಡಕ ಸರಿಪಡಿಸಿಕೊಂಡು ನೋಡಿದಳು. “ಇದು ಯಾರು?” ಎಂದಳು. ನನ್ನ ಮೈ ಉರಿಯಿತು.

ಕಾರ್ಯದರ್ಶಿ ಭಾಷಣ ಬಿಗಿದ. “ಶತ್ರುವಿನ ಗುಂಡಿಗೆ ಎದೆಯೊಡ್ಡಿ, ನಗುನಗುತ್ತಾ ಪ್ರಾಣ ಕೊಟ್ಟ ಕರಾವಳಿಯ ಸಿಂಹ!” ಚಪ್ಪಾಳೆಯೋ ಚಪ್ಪಾಳೆ. ಶಾಲು ಹೊದಿಸಿದ ಮೇಲೆ, ಎರಡು ಮಾತಾಡಿ ಎಂದು ಮೈಕ್ ಕೊಟ್ಟರು.

“ನಗ್ತಾ ಸತ್ತ ಅಂತ ನಿಮಗೆ ಯಾರು ಹೇಳಿದ್ದು?” ಎಂದಳು ಚಿಕ್ಕಜ್ಜಿ. “ಅವನಿಗೆ ದೋಣಿ ಹತ್ತಿದ್ರೆ ವಾಂತಿ ಬರ್ತಿತ್ತು ಮಾರಾಯ್ರೇ. ರೇಡಿಯೋ ಕೆಲಸ ಕಲಿಸ್ತಾರೆ ಅಂತ ಹೋದದ್ದು. ಹಿಂದೆ ಕೂರಿಸಿ ಬಂದೂಕು ಕೊಟ್ರು. ಇಂಜಿನ್ ಸರಿ ಇಲ್ಲ ಅಂತ ಪೈಲಟ್ ಹೇಳಿದ್ರೂ ಮೇಲಿನವರು ಹೋಗ್ಲೇಬೇಕು ಅಂದ್ರಂತೆ. ಅವನ ಜೊತೆಯವನೇ ಮನೆಗೆ ಬಂದು ಹೇಳಿದ್ದು. ಶತ್ರು ಕಣ್ಣಿಗೇ ಬೀಳ್ಲಿಲ್ಲ. ಸಮುದ್ರಕ್ಕೆ ಬಿದ್ರು. ನಮ್ಮಮ್ಮ ಹೆಣ ಇಲ್ಲದೆ ಅವನ ಆತ್ಮಕ್ಕೆ ಪೂಜೆ ಮಾಡಿಸಿದ್ಳು. ಸಿಂಹ ಅಂತೆ!”

ಕಾರ್ಯದರ್ಶಿ ಹಲ್ಲು ಕಿರಿಯುತ್ತಾ ಮೈಕಿಗೆ ಕೈ ಹಾಕಿದ. “ಸಾಕು ಅಜ್ಜಿ, ಚೀಫ್ ಗೆಸ್ಟ್ ಕಾಯ್ತಿದ್ದಾರೆ.” ಅವಳು ಬಿಡಲಿಲ್ಲ. ಯಾರೋ ಸೌಂಡ್ ಆರಿಸಿದರು. ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಮಕ್ಕಳ ಡಾನ್ಸಿನ ಹಾಡು ಜೋರಾಗಿ ಶುರುವಾಯಿತು.

“ಖಲಾಸ್, ಮನೆಗೆ ಹೋಗುವ,” ಎಂದರು ನನ್ನ ಗಂಡ.

ಮಗುವನ್ನು ಅವರ ಕೈಗೆ ತುರುಕಿ ನಾನು ವೇದಿಕೆಗೆ ನುಗ್ಗಿದೆ. ಕಾರ್ಯದರ್ಶಿ ಪರದೆಯ ಮರೆಯಲ್ಲಿ ನನ್ನನ್ನು ತಡೆದ. “ಮೇಡಂ, ಜನರಿಗೆ ಇನ್‌ಸ್ಪೈರ್ ಆಗುವಂಥದ್ದು ಬೇಕು. ಇಂಜಿನ್ ಗಿಂಜಿನ್ ಯಾರಿಗೆ ಬೇಕು?”

“ಅವನನ್ನು ಕೊಂದದ್ದು ಅದೇ ಅಲ್ವಾ!” ನಾನು ಕಿರುಚಿದೆ. ಕುರ್ಚಿ ಎಳೆದು ಹತ್ತಿ ಬ್ಯಾನರಿನ ಹಗ್ಗ ಬಿಚ್ಚತೊಡಗಿದೆ. ಗಂಟು ಬಿಚ್ಚಲಾಗದಿದ್ದಾಗ ಹಲ್ಲು ಹಾಕಿದೆ. ಗುರುತಿಲ್ಲದ ಹೆಂಗಸೊಬ್ಬಳು ಬಂದು ಕುರ್ಚಿ ಹಿಡಿದು ನಿಂತಳು. ಬ್ಯಾನರ್ ಧೊಪ್ಪನೆ ಕುಣಿಯುವ ಮಕ್ಕಳ ಹಿಂದೆ ಬಿತ್ತು.

ಹೊರಗೆ ಚಿಕ್ಕಜ್ಜಿ ಶಾಲನ್ನು ತೆಗೆದು ನನ್ನ ಕೈಗಿಟ್ಟಳು. ಕಾರಿನಲ್ಲಿ ಅತ್ತಳು. ಅವನು ಸತ್ತದ್ದಕ್ಕೆ ಅಲ್ಲ, ಮಾತು ಮುಗಿಸಲು ಬಿಡದಿದ್ದಕ್ಕೆ ಎಂದಳು.

ಮರುದಿನ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವಳ ಫೋಟೋ ಬಂತು: ‘ವೀರನ ಸಹೋದರಿ ಭಾವುಕರಾದ ಕ್ಷಣ’. ನಡೆದದ್ದನ್ನು ನಡೆದ ಹಾಗೆ ನಾನು ಕೆಳಗೆ ಬರೆದೆ. ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು. “ಕಾರ್ಯದರ್ಶಿಗೆ ‘ಸಾರಿ’ ಅಂತ ಹೇಳಿಬಿಡು, ಊರಿನವರೇ ಅಲ್ವಾ,” ಎಂದರು ಗಂಡ.

ಹೇಳಲಿಲ್ಲ. ಹೇಳುವುದೂ ಇಲ್ಲ.